ಗರ್ಭಸ್ಥ ಜೀವವೂ ಶರಣರ ದಯಾಧರ್ಮವೂ

ಮನುಷ್ಯನ ಬಾಳಿಗೆ ಎರಡು ಮೇರೆಗಳುಂಟು. ಮರಣವೆಂಬ ಮೇರೆಯನ್ನು ಎಲ್ಲರೂ ಕಾಣುವರು. ಉಸಿರು ನಿಂತುದನ್ನು ನೆರೆದವರೆಲ್ಲರೂ ಬಲ್ಲರು. ಆರಂಭವೆಂಬ ಮೇರೆಯಾದರೋ ಹಾಗಲ್ಲ. ಶಿಶುವು ಭೂಮಿಗೆ ಬಂದ ಗಳಿಗೆಯನ್ನು ಗುರುತಿಟ್ಟುಕೊಳ್ಳಬಹುದು. ಆದರೆ ಆ ಗಳಿಗೆಗೆ ಮುಂಚೆ ಒಂಬತ್ತು ತಿಂಗಳು ತಾಯಿಯ ಒಡಲಲ್ಲಿ ಬೆಳೆದುದು ಏನು? ಅದು ಯಾವಾಗ ಜೀವವಾಯಿತು, ಯಾವಾಗ ಮನುಷ್ಯನಾಯಿತು? ಈ ಪ್ರಶ್ನೆಯು ಪಂಡಿತರ ತರ್ಕಕ್ಕೆ ಮಾತ್ರ ಸೇರಿದುದೆಂದು ತೋರಬಹುದು. ಆದರೆ ಇದರ ಉತ್ತರದ ಮೇಲೆ ತಾಯಂದಿರ ಪ್ರಾಣವೂ, ಹೆಣ್ಣುಶಿಶುಗಳ ಪ್ರಾಣವೂ, ಬಸಿರು ಕಳೆದುಕೊಂಡ ಹೆಂಗಸಿನ ಮನಶ್ಶಾಂತಿಯೂ ನಿಂತಿರುವುದರಿಂದ ಗೃಹಸ್ಥರಾದ ಸದ್ಭಕ್ತರೆಲ್ಲರೂ ಇದನ್ನು ವಿಚಾರಮಾಡುವುದು ಅವಶ್ಯಕ.

ಕನ್ನಡ ನಾಡಿನ ಮಗಳೊಬ್ಬಳು ಈ ಪ್ರಶ್ನೆಯ ನಡುವೆ ಸಿಲುಕಿ ಪ್ರಾಣ ಕಳೆದುಕೊಂಡುದನ್ನು ಲೋಕವೆಲ್ಲ ಬಲ್ಲುದು. ಬೆಳಗಾವಿಯಲ್ಲಿ ದಂತವೈದ್ಯ ಕಲಿತು, ಪತಿಯೊಡನೆ ಐರ್ಲೆಂಡ್ ದೇಶದ ಗಾಲ್ವೇ ನಗರದಲ್ಲಿ ನೆಲಸಿದ್ದ ಸವಿತಾ ಹಾಲಪ್ಪನವರ ಎಂಬಾಕೆಗೆ 2012ನೆಯ ಇಸವಿಯಲ್ಲಿ 31 ವರ್ಷ. ಗರ್ಭವು 17 ವಾರದ್ದಾಗಿರುವಾಗ, ಅಕ್ಟೋಬರ್ 21ರಂದು, ನೋವೆಂದು ಆಸ್ಪತ್ರೆ ಸೇರಿದಳು. ಗರ್ಭವು ಉಳಿಯುವ ಆಸೆಯಿಲ್ಲವೆಂದು ವೈದ್ಯರೇ ಹೇಳಿದರು. ಹಾಗಾದರೆ ಅದನ್ನು ತೆಗೆದುಬಿಡಿರೆಂದು ದಂಪತಿಗಳು ಬೇಡಿಕೊಂಡರು. ಶಿಶುವಿನ ಹೃದಯಸ್ಪಂದನ ಇರುವವರೆಗೆ ಆ ದೇಶದ ಕಾಯಿದೆಯು ಅದಕ್ಕೆ ಎಡೆಗೊಡದೆಂಬ ಉತ್ತರ ಬಂದಿತು. 24ನೆಯ ತಾರೀಖು ಗರ್ಭವು ತಾನಾಗಿಯೇ ಇಳಿಯಿತು. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. 28ರಂದು ಆಕೆ ತೀರಿಕೊಂಡಳು. ಅನಂತರ ನಡೆದ ವಿಚಾರಣೆಯು, ನಂಜನ್ನು ಕಾಲದಲ್ಲಿ ಗುರುತಿಸದಿದ್ದುದನ್ನೂ ಶಿಶುವಿನ ಹೃದಯಸ್ಪಂದನ ನಿಲ್ಲಲೆಂದು ಕಾದು ಕುಳಿತುದನ್ನೂ ದೋಷವೆಂದು ಎಣಿಸಿತು. 1983ರಲ್ಲಿ ಆ ದೇಶದ ಸಂವಿಧಾನಕ್ಕೆ ಸೇರಿಸಿದ್ದ ವಿಧಿಯು ಗರ್ಭಸ್ಥ ಶಿಶುವಿನ ಪ್ರಾಣದ ಹಕ್ಕೂ ತಾಯಿಯ ಪ್ರಾಣದ ಹಕ್ಕೂ ಸಮವೆಂದು ಸಾರಿತ್ತು. 2018ರ ಮೇ 25ರಂದು ಆ ದೇಶದ ಜನರು 100ಕ್ಕೆ 66ಕ್ಕಿಂತ ಹೆಚ್ಚು ಮತಗಳಿಂದ ಆ ವಿಧಿಯನ್ನು ತೆಗೆದುಹಾಕಿದರು.

ದೂರದೇಶದ ಈ ವೃತ್ತಾಂತವು ನಮ್ಮ ಮಲೆನಾಡಿಗೆ ಹೊರತಾದುದಲ್ಲ. ಸಕಲೇಶಪುರದ ಮಲೆಯೊಳಗಣ ಹೊಂಗಡಹಳ್ಳದಂತಹ ಒಂದು ಊರಿನಲ್ಲಿ ಭಕ್ತರ ಮನೆಯೊಂದನ್ನು ಭಾವಿಸಿಕೊಳ್ಳೋಣ. ಆಷಾಢದ ಮಳೆ ಹಿಡಿದಿದೆ. ಮನೆಯ ಸೊಸೆಗೆ ನಾಲ್ಕು ತಿಂಗಳು ತುಂಬಿ ಐದು ನಡೆಯುತ್ತಿರುವಾಗ ಬಸಿರು ಇಳಿದುಹೋಯಿತು. "ಲಿಂಗ ಕಟ್ಟುವ ತಿಂಗಳು ಇನ್ನೂ ಬಂದಿರಲಿಲ್ಲ ಕಣವ್ವಾ, ಅದು ಜೀವವೇ ಅಲ್ಲ, ಅಳಬೇಡ" ಎಂದು ಅತ್ತೆ ಸಮಾಧಾನ ಹೇಳುವಳು. ಕಾಫಿತೋಟದ ನೆರೆಯ ಕ್ರೈಸ್ತಳೊಬ್ಬಳು ಬಂದು, "ದೇವರು ಅದನ್ನು ಹೊಟ್ಟೆಯಲ್ಲಿದ್ದಾಗಲೇ ಬಲ್ಲನು ತಂಗೀ, ಅದು ಆತನ ಹತ್ತಿರವೇ ಇದೆ" ಎನ್ನುವಳು. ಮೂರನೆಯವಳೊಬ್ಬಳು, "ಮಳೆಯಲ್ಲಿ ತೋಟಕ್ಕೆ ಹೋದದ್ದೇ ತಪ್ಪು" ಎಂದು ಬಾಗಿಲ ಆಚೆ ನಿಂತು ಆಡುವಳು. ಸೊಸೆಯು ಯಾರಿಗೂ ಉತ್ತರ ಕೊಡಳು. ಆಕೆಯ ಮನಸ್ಸಿನಲ್ಲಿರುವುದು ಎರಡೇ ಪ್ರಶ್ನೆ: ತಾನು ಕಳೆದುಕೊಂಡುದು ಏನು? ಅದರಲ್ಲಿ ತನ್ನ ಅಪರಾಧವೆಷ್ಟು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಲಾರದ ಶಾಸ್ತ್ರವಿಚಾರವು ಎಷ್ಟೇ ಗಹನವಾದರೂ ಗೃಹಸ್ಥನಿಗೆ ನಿರುಪಯೋಗ.

ಮೊದಲು ನೆರೆಯವಳ ಮಾತಿನ ಮೂಲವನ್ನು ನೋಡಬೇಕು. ಪರಮತವನ್ನು ಕೇಳಿ ತಿಳಿಯದೆ ಖಂಡಿಸುವುದು ಪಂಡಿತಲಕ್ಷಣವಲ್ಲ. ಕ್ರೈಸ್ತರ ಬೈಬಲು 1831ರ ವೇಳೆಗೇ ಸಮಗ್ರವಾಗಿ ಕನ್ನಡದಲ್ಲಿ ಅಚ್ಚಾಗಿದ್ದಿತು. ಅದರ ಕೀರ್ತನೆಗಳ ಭಾಗದಲ್ಲಿ, 139ನೆಯ ಕೀರ್ತನೆಯನ್ನು ಹಾಡಿದ ಭಕ್ತನು ತಾಯಿಯ ಗರ್ಭದಲ್ಲಿ ತನ್ನನ್ನು ನೇಯ್ದವನು ದೇವರೇ ಎಂದೂ, ರೂಪುಗೊಳ್ಳದ ಪಿಂಡವಾಗಿದ್ದಾಗಲೇ ಆತನು ತನ್ನನ್ನು ಕಂಡನೆಂದೂ ಸ್ತುತಿಸುವನು. ಪ್ರವಾದಿಯಾದ ಯೆರೆಮೀಯನಿಗೆ, ಗರ್ಭದಲ್ಲಿ ರೂಪಿಸುವುದಕ್ಕೆ ಮುಂಚೆಯೇ ಅವನನ್ನು ತಿಳಿದಿದ್ದುದಾಗಿ ದೇವರು ಹೇಳುವನು. ಲೂಕನ ಸುವಾರ್ತೆಯಲ್ಲಿ, ಗರ್ಭಿಣಿಯಾದ ಎಲಿಸಬೇತಳು ಮರಿಯಳ ಧ್ವನಿಯನ್ನು ಕೇಳಿದೊಡನೆ ಆಕೆಯ ಬಸಿರಿನ ಕೂಸು ಆನಂದದಿಂದ ನಲಿಯಿತೆಂದು ಹೇಳಿದೆ. ಈ ವಾಕ್ಯಗಳನ್ನು ಆಧರಿಸಿ ಗರ್ಭಾಂಕುರವಾದ ಕ್ಷಣದಿಂದಲೇ ಮನುಷ್ಯನಿದ್ದಾನೆಂದು ಅನೇಕ ಕ್ರೈಸ್ತರು ನಂಬುವರು.

ಆದರೆ ಅದೇ ಗ್ರಂಥದಲ್ಲಿ ಬೇರೆ ದನಿಗಳೂ ಉಂಟು. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮಣ್ಣಿನ ಮನುಷ್ಯನ ಮೂಗಿನಲ್ಲಿ ಶ್ವಾಸವನ್ನು ಊದಿದ ಮೇಲೆ ಅವನು ಜೀವಿಯಾದನೆಂದಿದೆ. ಇಲ್ಲಿ ಜೀವದ ಗುರುತು ಉಸಿರು. ವಿಮೋಚನಕಾಂಡದ 21ನೆಯ ಅಧ್ಯಾಯವು ನ್ಯಾಯವಿಧಿಯನ್ನು ಹೇಳುವುದು. ಗಂಡಸರು ಹೊಡೆದಾಡುವಾಗ ಗರ್ಭಿಣಿಗೆ ಪೆಟ್ಟು ತಗಲಿ ಗರ್ಭವು ಹೊರಬಿದ್ದರೆ ಜುಲ್ಮಾನೆ ತೆರಬೇಕು. ಹಾನಿಯು ಅದಕ್ಕಿಂತ ಮುಂದುವರಿದರೆ ಪ್ರಾಣಕ್ಕೆ ಪ್ರಾಣವೆಂಬ ದಂಡನೆ. ಆ ಹಾನಿಯು ತಾಯಿಯದೆಂದು ಯೆಹೂದ್ಯ ಪಂಡಿತರು ಅರ್ಥಮಾಡಿದರು. ಹಳೆಯ ಗ್ರೀಕ್ ಅನುವಾದವು ಅದೇ ವಾಕ್ಯವನ್ನು ರೂಪುಗೊಂಡ ಪಿಂಡ, ರೂಪುಗೊಳ್ಳದ ಪಿಂಡ ಎಂಬ ಭೇದವಾಗಿ ತಿರುಗಿಸಿತು. ಒಂದು ಮೂಲವಾಕ್ಯ, ಎರಡು ಮತ. ಯೆಹೂದ್ಯರ ತಾಲ್ಮುದವು 40 ದಿನಗಳವರೆಗೆ ಗರ್ಭವನ್ನು ನೀರಿನಂತೆ ಎಣಿಸಿತು. ಅವರ ಮಿಷ್ನಾ ಗ್ರಂಥವು, ಹೆರಿಗೆಯಲ್ಲಿ ತಾಯಿಯ ಪ್ರಾಣಕ್ಕೆ ಸಂಕಟ ಬಂದರೆ ಶಿಶು ಹೊರಬರುವ ತನಕ ತಾಯಿಯ ಪ್ರಾಣವೇ ಮೊದಲೆಂದು ವಿಧಿಸಿತು.

ಕ್ರೈಸ್ತ ಧರ್ಮಶಾಸ್ತ್ರಜ್ಞರಲ್ಲಿಯೂ ಒಂದೇ ಮಾತಿರಲಿಲ್ಲ. 13ನೆಯ ಶತಮಾನದ ಥಾಮಸ್ ಅಕ್ವಿನಾಸನು ಗ್ರೀಕ್ ತತ್ತ್ವಜ್ಞಾನಿಯಾದ ಅರಿಸ್ಟಾಟಲನನ್ನು ಅನುಸರಿಸಿ, ದೇಹವು ತಕ್ಕಷ್ಟು ರೂಪುಗೊಂಡ ಮೇಲೆಯೇ ಬುದ್ಧಿಯುಕ್ತವಾದ ಆತ್ಮವು ಬರುವುದೆಂದನು. ಗರ್ಭಪಾತವು ಪಾಪವೆಂಬುದರಲ್ಲಿ ಮಾತ್ರ ಅವನಿಗೆ ಸಂಶಯವಿರಲಿಲ್ಲ. ರೋಮಿನ ಚರ್ಚು 1869ರಲ್ಲಿ ದಂಡನೆಯ ವಿಷಯದಲ್ಲಿ ಈ ಭೇದವನ್ನು ಕೈಬಿಟ್ಟು, ಮೊದಲಿನಿಂದಲೂ ಒಂದೇ ನಿಯಮವನ್ನು ಹಿಡಿಯಿತು. ಆದರೂ 1974ರಲ್ಲಿ ಅದು ಹೊರಡಿಸಿದ ಘೋಷಣೆಯು, ಆತ್ಮವು ಯಾವ ಕ್ಷಣದಲ್ಲಿ ಪ್ರವೇಶಿಸುವುದೆಂಬುದನ್ನು ನಿರ್ಣಯಿಸದೆ ಬಿಟ್ಟು, ಮನುಷ್ಯನಿರಬಹುದಾದ ಎಡೆಯಲ್ಲಿ ಕೊಲ್ಲುವ ಸಾಹಸ ಸಲ್ಲದೆಂದಿತು. ಇದರಿಂದ ಏನು ತಿಳಿಯುವುದು? ಕೀರ್ತನೆಯು ಭಕ್ತನ ಸ್ತುತಿ. ವಿಮೋಚನಕಾಂಡದ ವಾಕ್ಯವು ವ್ಯವಹಾರದ ನ್ಯಾಯ. ಆತ್ಮಪ್ರವೇಶದ ಚರ್ಚೆಯು ತತ್ತ್ವವಿಚಾರ. ಸ್ತುತಿಯ ಮಾತನ್ನು ಹಾಗೆಯೇ ಎತ್ತಿ ಕಾಯಿದೆಯನ್ನಾಗಿ ಮಾಡಿದಾಗ ತೊಡಕು ಹುಟ್ಟುವುದು.

ಪರರ ಗ್ರಂಥದಲ್ಲಿ ಭಿನ್ನಾಭಿಪ್ರಾಯವನ್ನು ಕಂಡು ನಗುವವರು ತಮ್ಮ ಮನೆಯ ಗ್ರಂಥಗಳನ್ನು ತೆರೆದು ನೋಡಲಿ. ಚರಕಸಂಹಿತೆಯ ಶಾರೀರಸ್ಥಾನವು ಶುಕ್ರ, ಶೋಣಿತ, ಜೀವ ಎಂಬ ಮೂರರ ಸಂಯೋಗವನ್ನೇ ಗರ್ಭವೆನ್ನುವುದು. ಎಂದರೆ ಜೀವವು ಮೊದಲ ಕ್ಷಣದಲ್ಲಿಯೇ ಇಳಿದಿದೆ. ಸುಶ್ರುತನು ನಾಲ್ಕನೆಯ ತಿಂಗಳಲ್ಲಿ ಹೃದಯವು ವ್ಯಕ್ತವಾಗಿ ಚೈತನ್ಯವು ಪ್ರಕಟವಾಗುವುದೆಂದು ಹೇಳಿ, ಆ ಗರ್ಭಿಣಿಯನ್ನು ಎರಡು ಹೃದಯದವಳೆಂದು ಕರೆಯುವನು. ಗರ್ಭೋಪನಿಷತ್ತು ಒಂದು ರಾತ್ರಿಗೆ ಕಲಲ, ಏಳು ರಾತ್ರಿಗೆ ಬುದ್ಬುದ, ಅರ್ಧಮಾಸಕ್ಕೆ ಪಿಂಡ ಎಂದು ಕ್ರಮವನ್ನು ಎಣಿಸುತ್ತ ಹೋಗಿ ಏಳನೆಯ ತಿಂಗಳಲ್ಲಿ ಜೀವಸಂಯೋಗವನ್ನು ಹೇಳುವುದು. ಒಂದೇ ನಾಡಿನ ಮೂರು ಗ್ರಂಥಗಳಲ್ಲಿ ಮೂರು ಕಾಲ! ಹೀಗಿರಲು ಬೈಬಲನ್ನು ಓದುವವರಲ್ಲಿ ಒಮ್ಮತವಿಲ್ಲವೆಂದು ಆಕ್ಷೇಪಿಸುವ ಅಧಿಕಾರ ಯಾರಿಗಿದೆ?

ಇಂದಿನ ವಿಜ್ಞಾನವು ಬೆಳವಣಿಗೆಯ ಮೆಟ್ಟಿಲುಗಳನ್ನು ಸ್ಪಷ್ಟವಾಗಿ ತೋರಿಸಿದೆ. ಸ್ತ್ರೀಪುರುಷಬೀಜಗಳು ಕೂಡಿದಾಗ ತಂದೆಯದೂ ಅಲ್ಲದ ತಾಯಿಯದೂ ಅಲ್ಲದ ಹೊಸದೊಂದು ರಚನೆಯು ಹುಟ್ಟುವುದು. ಆದರೆ ಸುಮಾರು ಎರಡು ವಾರಗಳೊಳಗೆ ಅದೇ ಅಂಕುರವು ಒಡೆದು ಅವಳಿಮಕ್ಕಳಾಗಲೂಬಹುದು. ಒಂದಾಗಿದ್ದಾಗ ಅದರಲ್ಲಿದ್ದುದು ಒಂದು ಜೀವವೋ ಎರಡೋ ಎಂದು ಕೇಳಿದರೆ ಯಾರು ಹೇಳಬಲ್ಲರು? ಆರನೆಯ ವಾರದ ಸುಮಾರಿಗೆ ಹೃದಯದ ಮಿಡಿತವು ಯಂತ್ರಕ್ಕೆ ಕಾಣುವುದು. ಹದಿನೆಂಟು ಇಪ್ಪತ್ತು ವಾರಗಳಲ್ಲಿ ತಾಯಿಗೆ ಚಲನೆ ತಿಳಿಯುವುದು. 24 ವಾರಗಳ ಸುಮಾರಿಗೆ ಹುಟ್ಟಿದ ಶಿಶುವನ್ನು ಒಳ್ಳೆಯ ಆಸ್ಪತ್ರೆಗಳಲ್ಲಿ ಉಳಿಸಿಕೊಳ್ಳುವ ಆಸೆಯುಂಟು. ಇವೆಲ್ಲ ಮೆಟ್ಟಿಲುಗಳೇ ಹೊರತು, ಇಲ್ಲಿಂದ ಮನುಷ್ಯನೆಂದು ಬರೆದಿಟ್ಟ ಗಡಿಕಲ್ಲನ್ನು ಯಾವ ಯಂತ್ರವೂ ತೋರಿಸಿಲ್ಲ. ಯಂತ್ರವು ದೇಹವನ್ನು ತೋರಿಸಬಲ್ಲುದು. ಆ ದೇಹದ ಬೆಲೆಯನ್ನು ತೋರಿಸಲಾರದು.

ಇನ್ನು ವೀರಶೈವ ಸಂಪ್ರದಾಯದ ಕಡೆಗೆ ಬರುವುದು ಯುಕ್ತ. ಸಿದ್ಧಾಂತಶಿಖಾಮಣಿಯು ನೂರೊಂದು ಸ್ಥಲಗಳನ್ನು ಹೇಳುವಾಗ ಮೊದಲು ಎತ್ತಿಕೊಳ್ಳುವುದು ಪಿಂಡಸ್ಥಲವನ್ನು. ಅಲ್ಲಿ ಪಿಂಡವೆಂದರೆ ಕೇವಲ ಮಾಂಸದ ಮುದ್ದೆಯಲ್ಲ. ಅನೇಕ ಜನ್ಮಗಳ ಪುಣ್ಯದಿಂದ ಪಾಪವು ಸವೆದು ಅಂತಃಕರಣವು ಶುದ್ಧವಾದ ದೇಹಿಯೇ ಪಿಂಡ. ಇಲ್ಲಿ ಬೈಬಲಿನ ವಿಚಾರಕ್ಕೂ ನಮ್ಮ ವಿಚಾರಕ್ಕೂ ಇರುವ ಮುಖ್ಯಭೇದವು ಕಾಣಬರುವುದು. ಕ್ರೈಸ್ತರ ಮತದಲ್ಲಿ ಪ್ರತಿಯೊಂದು ಆತ್ಮಕ್ಕೂ ಹೊಸದಾಗಿ ಒಂದು ಆರಂಭವುಂಟು. ಆದುದರಿಂದ ಆ ಆರಂಭವು ಎಂದು ಎಂಬುದು ಅವರಿಗೆ ದೊಡ್ಡ ಪ್ರಶ್ನೆ. ನಮ್ಮಲ್ಲಿ ಜೀವಕ್ಕೆ ಗರ್ಭವು ಆರಂಭವಲ್ಲ, ತಂಗುದಾಣ.

ಆದರೆ ಈ ಮಾತಿನಿಂದ ಎರಡು ತಪ್ಪು ತೀರ್ಮಾನಗಳು ಹುಟ್ಟಬಹುದು. ಜೀವವು ನಿತ್ಯವಾದರೆ ಗರ್ಭವು ಅಳಿದರೂ ನಷ್ಟವೇನು, ಅದು ಬೇರೊಂದು ಒಡಲನ್ನು ಹಿಡಿಯುವುದಷ್ಟೆ ಎಂಬುದು ಮೊದಲನೆಯದು. ಈ ಯುಕ್ತಿಯನ್ನು ಒಪ್ಪಿದರೆ ಬೆಳೆದ ಮನುಷ್ಯನನ್ನು ಕೊಂದವನೂ ಅದೇ ಮಾತನ್ನು ಆಡಬಹುದು. ಆತ್ಮದ ನಿತ್ಯತ್ವವು ದುಃಖದಲ್ಲಿರುವವನಿಗೆ ಸಾಂತ್ವನವೇ ಹೊರತು ಹಿಂಸಿಸುವವನಿಗೆ ಪರವಾನಗಿಯಲ್ಲ. ಸಕಲ ಪ್ರಾಣಿಗಳಲ್ಲಿಯೂ ದಯೆಯಿಲ್ಲದ ಎಡೆಯಲ್ಲಿ ಧರ್ಮಕ್ಕೆ ಬೇರೇ ಇಲ್ಲವೆಂಬುದು ಬಸವಣ್ಣನವರ ನಿಲುವು. ದಯೆಯು ಮೊದಲು ಲೆಕ್ಕಕ್ಕೆ ಹಿಡಿಯುವುದು ನೋವನ್ನು, ಅನಂತರ ತತ್ತ್ವವನ್ನು.

ಎರಡನೆಯದು ಅತ್ತೆಯ ಮಾತಿನಲ್ಲಿರುವ ತಪ್ಪು. ಗರ್ಭಕ್ಕೆ ಎಂಟನೆಯ ತಿಂಗಳಿನಲ್ಲಿ ಗುರುವಿನಿಂದ ಲಿಂಗಸಂಸ್ಕಾರ ಮಾಡಿಸಿ, ತಾಯಿಯು ತನ್ನ ಲಿಂಗದೊಡನೆ ಶಿಶುವಿನ ಲಿಂಗವನ್ನೂ ಧರಿಸಿಕೊಳ್ಳುವ ರೂಢಿಯು ಅನೇಕ ಮನೆತನಗಳಲ್ಲಿದೆ. ಜಗತ್ತಿನ ಮತಗಳಲ್ಲಿ ಹುಟ್ಟುವ ಮುನ್ನವೇ ಶಿಶುವನ್ನು ಭಕ್ತರ ಬಳಗಕ್ಕೆ ಸೇರಿಸಿಕೊಳ್ಳುವ ಇಂತಹ ಪದ್ಧತಿಯು ಅಪರೂಪ. ಆದರೆ ದೀಕ್ಷೆಯು ಜೀವವನ್ನು ಹುಟ್ಟಿಸುವುದಿಲ್ಲ. ಇರುವ ಜೀವವನ್ನು ಸ್ವಾಗತಿಸುವುದು. ಅತಿಥಿಯು ಹೊಸ್ತಿಲಿಗೆ ಬಂದಾಗ ಕಾಲಿಗೆ ನೀರು ಕೊಡುವರು. ನೀರು ಕೊಟ್ಟುದರಿಂದ ಅತಿಥಿಯು ಹುಟ್ಟಿದನೆಂದು ಯಾರೂ ತಿಳಿಯರು. ಅವನು ಹೊರಟು ಬಹುದೂರ ನಡೆದು ಬಂದಿರುವನು. ಎಂಟನೆಯ ತಿಂಗಳಿನಲ್ಲಿ ಓಜಸ್ಸು ತಾಯಿಗೂ ಶಿಶುವಿಗೂ ನಡುವೆ ಅಸ್ಥಿರವಾಗಿ ಓಡಾಡುವುದೆಂದು ವೈದ್ಯಗ್ರಂಥಗಳು ಹೇಳುತ್ತವೆ. ಅಂತಹ ಕಾಲದಲ್ಲಿ ನಡೆಯುವ ಸಂಸ್ಕಾರವು ಒಂದೇ ಶರೀರದಲ್ಲಿರುವ ಇಬ್ಬರನ್ನೂ ಶಿವನ ರಕ್ಷೆಗೆ ಒಪ್ಪಿಸುವ ಕ್ರಿಯೆಯಾಗಿ ಕಾಣುವುದು. ತಾಯಿಯನ್ನು ಬಿಟ್ಟು ಶಿಶುವಿಗೆ ಲಿಂಗ ಕಟ್ಟುವುದಕ್ಕೆ ಆಗುವುದಿಲ್ಲ. ಗರ್ಭಕ್ಕೆ ಸಲ್ಲುವ ಆದರವು ತಾಯಿಯ ಮೂಲಕವೇ ಸಲ್ಲಬೇಕೆಂಬ ಅರ್ಥವು ಈ ಆಚಾರದಲ್ಲಿಯೇ ಅಡಗಿದೆ.

ಈ ಅರ್ಥವನ್ನು ಹಿಡಿದು ಗಾಲ್ವೇ ನಗರದ ವೃತ್ತಾಂತವನ್ನು ನೋಡಬೇಕು. ಕ್ರೈಸ್ತಧರ್ಮವೇ ಆಕೆಯನ್ನು ಕೊಂದಿತೆಂದು ಹೇಳುವುದು ನ್ಯಾಯವಲ್ಲ. ತಾಯಿಯನ್ನು ಉಳಿಸಲು ಮಾಡುವ ಚಿಕಿತ್ಸೆಯಿಂದ ಗರ್ಭವು ಅಳಿದರೆ ದೋಷವಿಲ್ಲವೆಂದು ಅವರ ಧರ್ಮಶಾಸ್ತ್ರಜ್ಞರೇ ಹೇಳಿರುವರು. ಗರ್ಭದ ಮೇಲೆ ಗೌರವವಿದ್ದುದೂ ತಪ್ಪಲ್ಲ. ತಪ್ಪಿದ್ದುದು ಎಲ್ಲಿ ಎಂದರೆ, ಉಳಿಯದೆಂದು ಗೊತ್ತಾದ ಗರ್ಭದ ಕೊನೆಯ ಮಿಡಿತವನ್ನು ಕಾಯುತ್ತ, ಕಣ್ಣಮುಂದೆ ಮಾತನಾಡುತ್ತಿದ್ದ ಹೆಣ್ಣಿನ ಜ್ವರವನ್ನು ಕಾಣದೆ ಹೋದುದರಲ್ಲಿ. ಕಲ್ಲಿನ ಹಾವಿಗೆ ಹಾಲೆರೆಯುವವರು ಜೀವವಿರುವ ಹಾವನ್ನು ಕಂಡೊಡನೆ ಕೋಲೆತ್ತುವರೆಂದು ಬಸವಣ್ಣನವರು ನೊಂದು ನುಡಿದುದನ್ನು ಭಕ್ತರೆಲ್ಲರೂ ಬಲ್ಲರು. ಗರ್ಭವು ಕಲ್ಲಲ್ಲ, ನಿಜ. ಆದರೆ ಎದುರಿಗಿರುವ ಜೀವವನ್ನು ಮರೆತು ನಿಯಮವನ್ನು ಪೂಜಿಸಿದಾಗ ಆ ನಿಯಮವು ಕಲ್ಲಾಗುವುದು.

ಹಾಗೆಂದು ನಮ್ಮ ಕೈ ಶುದ್ಧವೆಂದು ತಿಳಿಯಲಾಗದು. ಅಲ್ಲಿ ಗರ್ಭದ ನಿಯಮವು ಹೆಣ್ಣನ್ನು ಬಲಿಗೊಂಡರೆ, ಇಲ್ಲಿ ಹೆಣ್ಣೆಂಬ ಒಂದೇ ಕಾರಣದಿಂದ ಗರ್ಭವು ಬಲಿಯಾಗುತ್ತಿದೆ. ಭಾರತದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 2001ರ ಜನಗಣತಿಯಲ್ಲಿ 927 ಹೆಣ್ಣುಮಕ್ಕಳಿದ್ದುದು 2011ರಲ್ಲಿ 918ಕ್ಕೆ ಇಳಿಯಿತು. ಗರ್ಭಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆಯು 1994ರಲ್ಲಿಯೇ ಆಗಿದೆ. ಆದರೂ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಯಂತ್ರವನ್ನಿಟ್ಟು ಗರ್ಭದ ಹೆಣ್ಣುಗಂಡನ್ನು ನೋಡುತ್ತಿದ್ದ ಜಾಲವು ಬಯಲಾಯಿತು. ಬೆಲ್ಲ ಮಾಡುವ ಮನೆಯಲ್ಲಿ ಎಂತಹ ವಿಷ! ಗರ್ಭದಲ್ಲಿ ಕಟ್ಟುವ ಲಿಂಗಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲ. ಮೊಲೆಮುಡಿ ಬಂದರೆ ಹೆಣ್ಣೆಂದೂ ಗಡ್ಡಮೀಸೆ ಬಂದರೆ ಗಂಡೆಂದೂ ಲೋಕವು ಕರೆದರೂ ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂದು ಜೇಡರ ದಾಸಿಮಯ್ಯನವರು ಸಾರಿದರು. ಈ ಮಾತನ್ನು ನಂಬಿದ ಮನೆಯಲ್ಲಿ, ಹೆಣ್ಣಾದರೆ ಬೇಡ ಎಂಬ ಮಾತು ಹೇಗೆ ಹುಟ್ಟೀತು? ಜೀವದ ಆರಂಭವು ಯಾವ ತಿಂಗಳಲ್ಲಿ ಎಂಬುದರಲ್ಲಿ ನೂರು ಮತಗಳಿರಲಿ. ಹೆಣ್ಣೆಂದು ಗರ್ಭವನ್ನು ಅಳಿಸುವುದು ಪಾಪವೆಂಬುದರಲ್ಲಿ ಎರಡನೆಯ ಮತವಿಲ್ಲ.

ಹಾಗಾದರೆ ಗೃಹಸ್ಥನು ಹಿಡಿಯಬೇಕಾದ ದಾರಿ ಯಾವುದು? ಗರ್ಭವು ಮೊದಲ ದಿನದಿಂದಲೂ ಆದರಕ್ಕೆ ಪಾತ್ರ; ಏಕೆಂದರೆ ಅಲ್ಲಿ ಜೀವವಿಲ್ಲವೆಂದು ಹೇಳುವ ಧೈರ್ಯ ಯಾವ ಶಾಸ್ತ್ರಕ್ಕೂ ಇಲ್ಲ. ಅದು ಬೆಳೆದಂತೆಲ್ಲ ನಮ್ಮ ಹೊಣೆಯೂ ಬೆಳೆಯುವುದು. ಈ ಅನುಭವವು ದಂಡಶಾಸ್ತ್ರದಲ್ಲಿಯೂ ಉಂಟು: 1860ರ ದಂಡಸಂಹಿತೆಯು ಅಕ್ರಮವಾಗಿ ಗರ್ಭ ತೆಗೆದವರಿಗೆ 3 ವರ್ಷದವರೆಗೂ, ಚಲನೆ ಕಂಡ ಗರ್ಭವಾದರೆ 7 ವರ್ಷದವರೆಗೂ ಸೆರೆಯನ್ನು ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯೂ ಆ ಭೇದವನ್ನು ಉಳಿಸಿಕೊಂಡಿದೆ. ಎರಡರಲ್ಲಿಯೂ ತಾಯಿಯ ಪ್ರಾಣವನ್ನು ಉಳಿಸಲು ಸದ್ಭಾವದಿಂದ ಮಾಡಿದ ಕಾರ್ಯವು ಅಪರಾಧವಲ್ಲ. 1971ರ ವೈದ್ಯಕೀಯ ಗರ್ಭಸಮಾಪ್ತಿ ಕಾಯಿದೆಯೂ 2021ರ ಅದರ ತಿದ್ದುಪಡಿಯೂ, ತಾಯಿಯ ಪ್ರಾಣಕ್ಕೆ ಅಥವಾ ಆರೋಗ್ಯಕ್ಕೆ ಅಪಾಯವಿದ್ದಾಗ, ಹಾಗೆಯೇ ಶಿಶುವಿಗೆ ಘೋರವಾದ ವೈಕಲ್ಯವಿದ್ದಾಗ, 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೂ, ಕೆಲವು ಬಗೆಯ ಸ್ತ್ರೀಯರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೂ ಅನುಮತಿ ಕೊಡುವುವು. ವಯಸ್ಸಿಗೆ ಬಂದ ಹೆಣ್ಣಾದರೆ ಆಕೆಯ ಒಪ್ಪಿಗೆಯೊಂದೇ ಸಾಕು. ಕಾಯಿದೆಯು ಅನುಮತಿ ಕೊಟ್ಟುದೆಲ್ಲವೂ ಧರ್ಮವೆಂದಲ್ಲ. ಆದರೆ ತಾಯಿಯು ಸಂಕಟದಲ್ಲಿರುವಾಗ ಹಿರಿಯರು ಕೂಡಿ ಮುಹೂರ್ತವನ್ನೂ ಮತವನ್ನೂ ಚರ್ಚಿಸುತ್ತ ಕುಳಿತುಕೊಳ್ಳುವುದು ಅಧರ್ಮವೆಂಬುದು ನಿಶ್ಚಯ. ಹಳ್ಳ ತುಂಬಿ ಹರಿಯುವ ಮಲೆಯೂರಿನಲ್ಲಿ ಒಂದು ಗಳಿಗೆಯ ತಡವು ಪಟ್ಟಣದ ಒಂದು ದಿನದ ತಡಕ್ಕೆ ಸಮ.

ಈಗ ಆ ಸೊಸೆಯ ಬಳಿಗೆ ಹಿಂದಿರುಗಬೇಕು. ಆಕೆಯ ಎರಡನೆಯ ಪ್ರಶ್ನೆಗೆ ಉತ್ತರವು ಸುಲಭ. ಗುರುತಿಗೆ ಬಂದ ಗರ್ಭಗಳಲ್ಲಿಯೇ 100ಕ್ಕೆ 10ರಿಂದ 20ರಷ್ಟು ತಾವಾಗಿಯೇ ಇಳಿಯುವುವು. ಬಹುಪಾಲು ಇಳಿಯುವುದು ಮೊದಲ ಮೂರು ತಿಂಗಳುಗಳಲ್ಲಿ, ಹೆಚ್ಚಾಗಿ ಅಂಕುರದಲ್ಲಿಯೇ ಇದ್ದ ದೋಷದಿಂದ. ಆಕೆಯದರಂತೆ ತಡವಾಗಿ ಇಳಿಯುವುದು ವಿರಳ. ಅದಕ್ಕೆ ನಂಜು, ಗರ್ಭಕೋಶದ ದೌರ್ಬಲ್ಯ ಮೊದಲಾದ ಕಾರಣಗಳುಂಟು. ಅವು ಆಕೆಯ ಕೈಯಲ್ಲಿ ಇರುವುವಲ್ಲ. ಮಳೆಯಲ್ಲಿ ನಡೆದುದು ಕಾರಣವಲ್ಲ. ಹಿರಿಯರ ಮಾತು ಮೀರಿದುದೂ ಕಾರಣವಲ್ಲ. ಆಕೆಯ ಮೇಲೆ ಅಪರಾಧವನ್ನು ಹೊರಿಸುವವರೇ ಅಪರಾಧಿಗಳು. ಆಕೆಯನ್ನು ಮೈಲಿಗೆಯೆಂದು ದೂರವಿಡುವುದೂ ಶರಣಧರ್ಮಕ್ಕೆ ಸಲ್ಲದು. ಲಿಂಗವನ್ನು ಧರಿಸಿದ ದೇಹಕ್ಕೆ ಜನನ, ಮರಣ, ರಜಸ್ಸು ಮೊದಲಾದ ಪಂಚಸೂತಕಗಳಿಲ್ಲವೆಂಬುದು ಶರಣರ ಸಿದ್ಧಾಂತ. ವೈದ್ಯರಿಗೆ ತೋರಿಸಿ, ಬಿಸಿನೀರು, ಹಿತವಾದ ಅನ್ನ, ವಿಶ್ರಾಂತಿ, ಮನೆಯವರ ಮೆಲುಮಾತು ಇವನ್ನು ಕೊಡುವುದೇ ಆಗ ಮಾಡಬೇಕಾದ ಪೂಜೆ.

ಮೊದಲನೆಯ ಪ್ರಶ್ನೆಗೆ ಉತ್ತರವು ಅಷ್ಟು ಸುಲಭವಲ್ಲ. ಆಕೆ ಕಳೆದುಕೊಂಡುದು ಏನು? ಅತ್ತೆ ಹೇಳಿದಂತೆ ಏನೂ ಅಲ್ಲವೆನ್ನುವುದು ಕರುಣೆಯಿಂದ ಆಡಿದ ಸುಳ್ಳು. ನೆರೆಯವಳ ಮಾತಿನಲ್ಲಿ ಹೆಚ್ಚು ಸತ್ಯವಿದೆ, ಮತವು ಬೇರೆಯಾದರೂ. ಮನೆಗೆ ಬರಲೆಂದು ಹೊರಟ ಒಂದು ಜೀವವು ಹೊಸ್ತಿಲಿಗೆ ಮುಟ್ಟದೆ ಹಿಂದಿರುಗಿತು. ಗುರುವಿನ ಕೈ ಅದನ್ನು ಮುಟ್ಟಿರಲಿಲ್ಲ. ತಾಯಿಯ ಒಡಲು ಮುಟ್ಟಿದ್ದಿತು. ಅಷ್ಟು ಸಾಕು. ಆ ಚಿಕ್ಕ ದೇಹಕ್ಕೆ ಮನೆಯವರು ವಿಭೂತಿಯನ್ನಿಟ್ಟು, ಶಿವನ ಹೆಸರನ್ನು ಹೇಳಿ, ತಮ್ಮ ನೆಲದ ಮೂಲೆಯಲ್ಲಿ ಮಣ್ಣುಕೊಡಲಿ. ಸೊಸೆಯು ಅಳುವಷ್ಟು ಅಳಲಿ. ಅತ್ತೆಯೂ ಪಕ್ಕದಲ್ಲಿ ಕುಳಿತು ಅಳಲಿ. ಜೀವವು ಯಾವಾಗ ಆರಂಭವಾಯಿತೆಂಬುದನ್ನು ಶಿವನು ಬಲ್ಲನು. ದಯೆಯು ಯಾವಾಗ ಆರಂಭವಾಗಬೇಕೆಂಬುದನ್ನು ಮಾತ್ರ ಭಕ್ತನು ಬಲ್ಲವನಾಗಿರಬೇಕು.